ಲಾಳಿ ಕಟ್ಟಿಗೆಯ ಹಿಡಿ

ಪ್ರಭಣ್ಣಾ,

ಮಧ್ಯಾಹ್ನ ಮೂರೂಕಾಲಿಗೆ ಕರೆಂಟು ಬಂದು ರಬಕವಿಯ ನಮ್ಮ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ಬಡಿಯತೊಡಗಿದಾಗ ಎಚ್ಚರವಾಯಿತು. ರಾತ್ರಿಯಿಡೀ ಕೂಸು ಮಲಗಗೊಡುವುದಿಲ್ಲ, ಆಗಷ್ಟೇ ಕಣ್ಣು ಹತ್ತಿತ್ತು. ಎದ್ದವಳೇ ಟ್ರಂಕಿನಿಂದ ನನ್ನ ಏರ್ ಪಿಸ್ತೂಲು ತೆಗೆದೆ. ಮದುವೆಯಾಗಿ ಮೂರು ವರ್ಷಕ್ಕೆ ನಾಳೆ ಮತ್ತೆ ಗುರಿ ಹೊಡೆಯುವ ಸ್ಪರ್ಧೆಗೆ ನಿಲ್ಲುತ್ತಿದ್ದೇನೆ, ಮುಧೋಳದಲ್ಲಿ.

ನಾನು ಕಾಲೇಜಿನಲ್ಲಿದ್ದಾಗ, ಮಗ್ಗದ ಲಾಳಿ ಮಾಡುವ ಕಟ್ಟಿಗೆಯಲ್ಲೇ ನೀನು ಕೆತ್ತಿಕೊಟ್ಟ ಹಿಡಿ ಇನ್ನೂ ಮಿರುಗುತ್ತದೆ. ಜೇಡಿಮಣ್ಣಿನಲ್ಲಿ ನನ್ನ ಅಂಗೈಯ ಅಚ್ಚು ತೆಗೆದು ನೀನು ನಾಲ್ಕು ತಿಂಗಳು ತಿದ್ದಿದ್ದೆ. ಟ್ರಿಗರನ್ನೂ ಹಗುರ ಮಾಡಿಕೊಟ್ಟಿದ್ದೆ. ಆದರೆ ಹೆರಿಗೆಯಾದ ಮೇಲೆ ಕೈಯ ಬಾವು ಪೂರ್ತಿ ಇಳಿದಿಲ್ಲ, ಹೆಬ್ಬೆರಳು ಅದರ ಜಾಗದಲ್ಲಿ ಕೂಡುತ್ತಿಲ್ಲ. ಪಾಲಿಶ್ ಪೇಪರ್ ಹಿಡಿದು ಕೂತೆ, ಉಜ್ಜಲು ಧೈರ್ಯ ಬರಲಿಲ್ಲ.

ಅತ್ತೆ ನೋಡಿ ನಕ್ಕರು. "ಆಟಿಗಿ ಸಾಮಾನಿಗೆ ಇಷ್ಟ್ಯಾಕ ತಲಿ ಕೆಡಿಸ್ಕೊಂತಿ ಬೇ? ಕೂಸಿಗೆ ಕೊಡು, ಆಡ್ಲಿ."

"ಹಂಗನಬ್ಯಾಡ್ರಿ ಅತ್ತಿ. ನಮ್ಮಣ್ಣ ಮಾಡಿದ್ದದು."

"ಅದು ನನ್ನ ಮಾತೇನ? ಆಟಿಗಿ ಸಾಮಾನಂತ ನೀನ ಅಂದಿದ್ದಿ, ನಿಮ್ಮಣ್ಣನ ಮುಂದ."

ಹೌದು, ಅಂದಿದ್ದೆ. ಆಗ ನಾನು ಹೊಸ ಸೊಸೆ, ಮನೆತುಂಬ ಬೀಗರು. ಪಿಸ್ತೂಲು ಯಾಕೆಂದು ಯಾರೋ ಕೇಳಿದಾಗ ಬಾಯಿಗೆ ಅದೇ ಬಂತು. ಊಟಕ್ಕೆ ಕೂತಿದ್ದ ನೀನು ಅರ್ಧ ರೊಟ್ಟಿ ಬಿಟ್ಟು ಎದ್ದೆ. ಪಕ್ಕದ ಬನಹಟ್ಟಿಯಲ್ಲಿದ್ದೂ ಅಂದಿನಿಂದ ನನ್ನ ಫೋನು ಎತ್ತಿಲ್ಲ. ಪತ್ರ ಬರೆದರೂ ನೀನು ಒಡೆದು ಓದುವುದಿಲ್ಲ, ಅದಕ್ಕೇ ಇದನ್ನು ಕಳಿಸುವುದಿಲ್ಲ.

ಎಲ್ಲಿ ಉಜ್ಜಲಿ ಅಣ್ಣಾ, ಹೆಬ್ಬೆರಳ ಕೆಳಗೋ, ಅಂಗೈ ಕಡೆಗೋ? ನಾನಾಗಿ ಕೈ ಹಚ್ಚಿದರೆ ನಿನ್ನ ಕೆಲಸ ಹಾಳಾಗುತ್ತದೆ. ಬೆಳಗಾಗುವುದರೊಳಗೆ ಒಂದು ಫೋನ್ ಮಾಡು. ಬೈದು ಹೇಳಿದರೂ ಸರಿ, ಮಾಡು.