ಮೊದಲ ಏಟು ಯಾರ ಕೈಗೆ

ತ್ಯಾಗರಾಜನಗರ, ಬೆಂಗಳೂರು
ಭಾನುವಾರ, 16 ನವೆಂಬರ್ 2025

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನು ನೋವು ಕಡಿಮೆಯಾಯಿತೇ? ಜೈಲಿನ ನೆಲದ ಮೇಲೆ ಮಲಗುವುದು ನಿನಗೆ ಆಗಿಬರುವುದಿಲ್ಲ ಎಂದು ಅಮ್ಮ ದಿನಕ್ಕೊಮ್ಮೆಯಾದರೂ ಹೇಳಿ ಕಣ್ಣೊರೆಸಿಕೊಳ್ಳುತ್ತಾಳೆ. ಹೋದ ಸಲ ಕೊಟ್ಟು ಬಂದ ಸ್ವೆಟರನ್ನು ಒಳಗೆ ಬಿಟ್ಟರೋ ಇಲ್ಲವೋ ತಿಳಿಸು. ಅಮ್ಮನ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಬಾಯಿ ಮಾತ್ರ ಹತೋಟಿಯಲ್ಲಿಲ್ಲ. ಬೆಳಿಗ್ಗೆ ನಿನ್ನನ್ನು ಬೈಯುತ್ತಾಳೆ, ಮಧ್ಯಾಹ್ನ ನನ್ನನ್ನು, ಸಂಜೆಯಾದರೆ ಟಿ.ವಿ.ಯವರನ್ನು. ನಾಳೆ ಕಡಲೆಕಾಯಿ ಪರಿಷೆ, ಇವತ್ತಿನಿಂದಲೇ ಜಾತ್ರೆಯ ಜನ. ನಮ್ಮ ಲಾರಿ ಬಸವನಗುಡಿ ಕಡೆ ತಲೆ ಹಾಕುವ ಹಾಗಿಲ್ಲ, ಹಾಗಾಗಿ ಕೆಲಸಕ್ಕೆ ರಜೆ ಕೊಟ್ಟಿದ್ದೇನೆ. ಅದಕ್ಕೇ ಕೂತು ಬರೆಯಲು ಪುರುಸೊತ್ತಾಯಿತು. ಈ ಕಾಗದವನ್ನು ಅಲ್ಲಿಯವರು ಒಡೆದು ಓದಿಯೇ ನಿನಗೆ ಕೊಡುತ್ತಾರಂತೆ. ಓದಲಿ.

ನೀನು ವಕೀಲರ ಕೈಯಲ್ಲಿ ಹೇಳಿ ಕಳಿಸಿದ ಮಾತು ಮುಟ್ಟಿತು. ಬುಧವಾರ ಕೋರ್ಟಿನಲ್ಲಿ ನನ್ನ ಸಾಕ್ಷಿ. ನಮ್ಮ ಆಳು ಮುತ್ತುರಾಜನ ಕೈ ಜಜ್ಜಿದ್ದು ಗೋಡೆ ಬಿದ್ದು, ಪೊಲೀಸರು ನನ್ನನ್ನು ಹೆದರಿಸಿ ಬೇರೆ ಬರೆಸಿಕೊಂಡರು ಎಂದು ನಾನು ಹೇಳಬೇಕು. ಹಾಗೆ ಹೇಳಿದರೆ ಸಂಕ್ರಾಂತಿ ಹೊತ್ತಿಗೆ ನೀನು ಮನೆಯಲ್ಲಿರುತ್ತೀಯ, ಇಲ್ಲದಿದ್ದರೆ ವರ್ಷಗಟ್ಟಲೆ ಒಳಗೇ. ಇದನ್ನೆಲ್ಲ ವಕೀಲರು ನಮ್ಮ ಹಜಾರದಲ್ಲಿ ಕೂತು, ಅಮ್ಮ ಕೊಟ್ಟ ಕಾಫಿ ಕುಡಿಯುತ್ತ, ಮದುವೆ ಮಾತುಕತೆಗೆ ಬಂದವರ ಹಾಗೆ ಮೆಲ್ಲಗೆ ಹೇಳಿದರು. ಅಮ್ಮ ನನ್ನ ಕೈ ಹಿಡಿದು, "ಒಂದೇ ಒಂದು ಮಾತು ಕಣೇ ಯಶು, ನಿಮ್ಮಣ್ಣ ಅಲ್ವೇನೇ" ಎಂದಳು. ನೀನು ನನ್ನಣ್ಣ. ನನಗೆ ಸೈಕಲ್ ಕಲಿಸಿದವನು, ಬಿದ್ದಾಗ ಮೊಣಕಾಲಿಗೆ ಅರಿಶಿನ ಮೆತ್ತಿದವನು. ಜಾಮೀನು ಸಿಕ್ಕ ವಾರದಲ್ಲೇ ಮುತ್ತುರಾಜನ ಮನೆ ಮುಂದೆ ಹೋಗಿ ಕೂಗಾಡಿ ಮತ್ತೆ ಒಳಗೆ ಹೋದವನೂ ನೀನೇ.

ಹಳೆ ಮನೆ ಕೆಡವುವವರ ಹೊಟ್ಟೆಯಲ್ಲಿ ಹುಟ್ಟಿದ ನಮಗೆ ಒಡೆಯುವ ಸದ್ದು ಹೊಸದಲ್ಲ. ಆದರೆ ಆವತ್ತು ಚಾಮರಾಜಪೇಟೆಯ ಬಂಗಲೆಯಲ್ಲಿ ಕೇಳಿದ ಸದ್ದು ನನ್ನ ಕಿವಿ ಬಿಟ್ಟು ಹೋಗಿಲ್ಲ. ಮುತ್ತುರಾಜ ಇಟ್ಟಿಗೆ ರಾಶಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ, ನಿಜ. ಅಪ್ಪ ಹೋದ ಮೇಲೆ ಅವನು ಹಾಗಾಗಿದ್ದ. ಅವನಿಗೆ ಕೆಲಸ ಗೊತ್ತಿರಲಿಲ್ಲ ಎಂದಲ್ಲ, ಕೆಲಸದಲ್ಲಿ ಮನಸ್ಸಿರಲಿಲ್ಲ. ನೀನು ಚಡ್ಡಿ ಹಾಕಿಕೊಂಡು ಓಡಾಡುವಾಗಲೇ ಸುತ್ತಿಗೆ ಹಿಡಿದವನನ್ನು ಎಲ್ಲರ ಎದುರು ಎಬ್ಬಿಸಿ ನಿಲ್ಲಿಸಿ, "ಬಾರೋ, ಸುತ್ತಿಗೆ ಹೆಂಗ್ ಹಿಡಿಯೋದು ಅಂತ ಹೇಳ್ಕೊಡ್ತೀನಿ" ಎಂದೆ. ಅವನು ನಕ್ಕ. ಅಷ್ಟೇ ಅವನು ಮಾಡಿದ ತಪ್ಪು. ನೀನು ಅವನ ಕತ್ತು ಹಿಡಿದು ಬಗ್ಗಿಸಿ, ಬಲಗೈಯನ್ನು ಹೊಸ್ತಿಲಿನ ಕಲ್ಲಿಗೆ ಒತ್ತಿ, ಸುತ್ತಿಗೆಯಿಂದ ಹೊಡೆದೆ. ಒಂದು ಏಟಿಗೆ ನಿಲ್ಲಿಸಲಿಲ್ಲ. ಬೆಳಿಗ್ಗೆ ಪೂಜೆ ಮಾಡಿ ಕುಂಕುಮ ಇಟ್ಟಿದ್ದ ಹೊಸ್ತಿಲು ಅದು. ಕುಂಕುಮ ಯಾವುದು ರಕ್ತ ಯಾವುದು ತಿಳಿಯದ ಹಾಗಾಯಿತು. ಅವನು ಕೂಗಿ ಕೂಗಿ ದನಿ ಹೋದ ಮೇಲೆ ನೀನು ಸುತ್ತಿಗೆ ಎತ್ತಿ ಹಿಡಿದು, "ಇನ್ಯಾರಿಗಾದ್ರೂ ಪಾಠ ಬೇಕಾ?" ಎಂದು ಸುತ್ತ ನೋಡಿದೆ. ನನ್ನನ್ನೂ ನೋಡಿದೆ.

ಐದು ಬೆರಳೂ ಸಮ ಇರುವುದಿಲ್ಲ ಎಂದು ಅಪ್ಪ ಹೇಳುತ್ತಿದ್ದರು. ಮುತ್ತುರಾಜನ ಬೆರಳುಗಳನ್ನು ನೀನು ಸಮ ಮಾಡಿಬಿಟ್ಟೆ. ಡಾಕ್ಟರು ಹೆಬ್ಬೆರಳೊಂದನ್ನು ಉಳಿಸಿ ಮಿಕ್ಕಿದ್ದನ್ನು ತೆಗೆದರು.

ನಿನಗೆ ಮೊದಲಿನಿಂದ ದಂಡಂ ದಶಗುಣಂ ಒಂದೇ ಶ್ಲೋಕ. ನಿನ್ನೆ ಬಂದವನಿಗೂ ಅದೇ ಬೈಗುಳ, ಅಪ್ಪನ ಜೊತೆ ತಲೆ ನರೆತವನಿಗೂ ಅದೇ ಬೈಗುಳ. "ನನ್ ಹತ್ರ ಭೇದಭಾವ ಇಲ್ಲ" ಎಂದು ಎದೆ ತಟ್ಟಿಕೊಳ್ಳುತ್ತಿದ್ದೆ. ಅಪ್ಪ ಹಾಗಿರಲಿಲ್ಲ. ಮನೆ ಕೆಡವುವ ಮುಂಚೆ ಹೊಸ್ತಿಲಿಗೆ ಪೂಜೆ ಮಾಡಿ, ತಪ್ಪಾಯಿತು ತಾಯೀ ಎಂದು ಮನೆಗೆ ಕೈಮುಗಿದು, ಆಮೇಲೆ ಸುತ್ತಿಗೆಯನ್ನು ಯಾರಾದರೊಬ್ಬರ ಕೈಗೆ ಕೊಡುತ್ತಿದ್ದರು, ಮೊದಲ ಏಟು ಹೊಡೆಯಲಿ ಎಂದು. ಯಾರ ಕೈಗೆ ಎನ್ನುವುದೇ ಅವರ ಮೇಸ್ತ್ರಿತನ. ಸಿಟ್ಟಿನಲ್ಲಿದ್ದವನಿಗೆ ಒಂದು ದಿನ, ಬೇಜಾರಿನಲ್ಲಿದ್ದವನಿಗೆ ಇನ್ನೊಂದು ದಿನ. ಹೊಸಬರಿಗೆ ಮಾತ್ರ ಎಂದೂ ಕೊಡುತ್ತಿರಲಿಲ್ಲ. ನೀನು ಬಂದ ಮೇಲೆ ಮೊದಲ ಏಟು ಯಾವಾಗಲೂ ನಿನ್ನದೇ ಆಯಿತು, ಕೊನೆಯದೂ ನಿನ್ನದೇ.

ನೀನು ಒಳಗೆ ಹೋದ ಮೇಲೆ ಸುತ್ತಿಗೆ ನನ್ನ ಕೈಗೆ ಬಂತು. ಹೆಂಗಸಿನ ಮಾತು ಯಾರು ಕೇಳುತ್ತಾರೆ ಎಂದು ಅಮ್ಮನೇ ಮೂಗು ಮುರಿದಳು. ನಿನ್ನ ಹಾಗೆ ಆಗಬಾರದು ಎಂದು ನಾನು ಎಲ್ಲರಿಗೂ ಸಕ್ಕರೆ ಹಂಚಲು ಹೊರಟೆ, "ನಿಮಗೆ ತೋಚಿದ ಹಾಗೆ ಮಾಡಿ" ಎಂದೆ. ಮಲ್ಲೇಶ್ವರದ ಮನೆ ಹಿಡಿದ ದಿನ ಪೂಜೆ ಮುಗಿಸಿ ಸುತ್ತಿಗೆಯನ್ನು ಲಿಖಿತನಿಗೆ ಕೊಟ್ಟೆ. ಲಿಖಿತ್ ನಿನಗೆ ಗೊತ್ತಿಲ್ಲ, ನೀನು ಹೋದ ಮೇಲೆ ಸೇರಿದವನು. ಜಿಮ್ಮಿನಲ್ಲಿ ಬೆಳೆಸಿದ ತೋಳು, ಬಸವನ ಹುರುಪು, ಕೆಲಸ ಮಾತ್ರ ಸೊನ್ನೆ. ಉತ್ಸಾಹ ಇದೆಯಲ್ಲ ಎಂದು ಕೊಟ್ಟೆ. ಮೊದಲ ಏಟು ಸಿಕ್ಕ ಮೇಲೆ ತಾನೇ ಮೇಸ್ತ್ರಿ ಎಂದುಕೊಂಡ. ಮೇಲಿನಿಂದ ಬಿಚ್ಚಿಕೊಂಡು ಬರಬೇಕಾದ ಗೋಡೆಯ ಬುಡಕ್ಕೇ ಹೊಡೆಯತೊಡಗಿದ. ಅಪ್ಪನ ಜೊತೆ ತಲೆ ನರೆತ ಮುನಿರಾಮಪ್ಪ ಮಾವ ಬೇಡ ಎಂದು ಕೂಗಿದರೆ, "ಸುಮ್ನಿರೋ ಮುದ್ಕಾ" ಎಂದ. ಗೋಡೆ ಪೂರ್ತಿ ಮಗುಚಿಕೊಂಡಿತು. ಅವನನ್ನು ಎಳೆದು ಹಾಕಲು ಹೋದ ಮಾವನ ಹೆಗಲು ಮುರಿಯಿತು. ದೂಳು ಇಳಿದಾಗ ಮಾವನ ಹೆಗಲ ಮೂಳೆ ಚರ್ಮ ಸೀಳಿ ಹೊರಗೆ ಬಂದಿತ್ತು, ಲಿಖಿತ್ ಪಕ್ಕದಲ್ಲಿ ಕೂತು ವಾಂತಿ ಮಾಡುತ್ತಿದ್ದ. ನಿನ್ನ ಕೋಲು ಎಷ್ಟು ಕೆಟ್ಟದ್ದೋ ನನ್ನ ಸಕ್ಕರೆಯೂ ಅಷ್ಟೇ ಕೆಟ್ಟದ್ದು ಎಂದು ಆವತ್ತು ಗೊತ್ತಾಯಿತು.

ಆಮೇಲೆ ಬುದ್ಧಿ ಕಲಿತೆ. ಲಿಖಿತನಿಗೆ ಈಗ ಎಲ್ಲಿ ನಿಲ್ಲಬೇಕು, ಏನು ಹಿಡಿಯಬೇಕು, ಯಾವಾಗ ನಿಲ್ಲಿಸಬೇಕು ಎಂದು ಒಂದೊಂದನ್ನೂ ಹೇಳುತ್ತೇನೆ, ಅವನಿಗೆ ಅದರಿಂದ ಧೈರ್ಯವೇ ಬಂದಿದೆ. ಮಾವ ಹೆಗಲಿಗೆ ಪಟ್ಟಿ ಕಟ್ಟಿಕೊಂಡೇ ಕೆಲಸಕ್ಕೆ ಬರುತ್ತಾರೆ, ಬೇಡ ಎಂದರೆ ಕೇಳುವುದಿಲ್ಲ. ಅವರಿಗೆ ನಾನು ಏನೂ ಹೇಳುವುದಿಲ್ಲ, ಬೆಳಿಗ್ಗೆ ಒಂದು ಕಾಫಿ ಕೊಟ್ಟು "ಮನೆ ನಿಮ್ಮದು" ಎಂದು ಪಕ್ಕಕ್ಕೆ ಸರಿಯುತ್ತೇನೆ. ಮುತ್ತುರಾಜನ ಹೆಂಡತಿ ವಾಣಿ ಹಳೆ ಇಟ್ಟಿಗೆಯ ಗಾರೆ ಕೆತ್ತಿ ಒಪ್ಪ ಮಾಡಲು ಬರುತ್ತಾಳೆ, ಗಂಡನಿಗೆ ದುಡಿಯುವ ಕೈ ಇಲ್ಲವಲ್ಲ. ಅವಳಿಗೆ ಹೇಳಿಕೊಡಲೂ ಬೇಕು, ಕೇಳಿಸಿಕೊಳ್ಳಲೂ ಬೇಕು. ಎಷ್ಟೋ ಸಲ ಕೆಲಸ ನಿಲ್ಲಿಸಿ ಅವಳ ಪಕ್ಕ ಸುಮ್ಮನೆ ಕೂತಿದ್ದೇನೆ. ನೀನಾಗಿದ್ದರೆ ನಗುತ್ತಿದ್ದೆ.

ಈಗ ಗುರುವಾರದ ಸುದ್ದಿ. ಊಟದ ಹೊತ್ತಿಗೆ ನಿನ್ನ ಗೆಳೆಯ ಶ್ರೀಧರ್ ಇನ್ನೊಬ್ಬನನ್ನು ಕರೆದುಕೊಂಡು ಮಲ್ಲೇಶ್ವರದ ಸೈಟಿಗೆ ಬಂದ. ನೆಟ್ಟಗೆ ವಾಣಿ ಹತ್ತಿರ ಹೋಗಿ ಜುಟ್ಟು ಹಿಡಿದು ಎಳೆದು ನೆಲಕ್ಕೆ ಕೆಡವಿ, ಒಡೆದ ಹೆಂಚಿನ ಚೂರನ್ನು ಕೆನ್ನೆಗೆ ಒತ್ತಿದ. "ಕೇಸ್ ವಾಪಸ್ ತಗೋ ಅಂತ ನಿನ್ ಗಂಡಂಗೆ ಹೇಳು, ಇಲ್ಲಾಂದ್ರೆ ಇನ್ನೊಂದು ಕೈಯೂ ಹೋಗುತ್ತೆ." ಕೆನ್ನೆ ಸೀಳಿತು. ನಾನು ಒಳಗಿನ ಕೋಣೆಯಿಂದ ಓಡಿ ಬರುವಷ್ಟರಲ್ಲಿ ಜೊತೆಯವನು ಕಾಂಪೌಂಡು ಹಾರಿ ಓಡಿದ್ದ, ಶ್ರೀಧರ್ ಸಿಕ್ಕಿಬಿದ್ದಿದ್ದ. ಲಿಖಿತನ ಗುದ್ದಿಗೆ ಅವನ ಮುಂದಿನ ಹಲ್ಲುಗಳು ಉದುರಿದ್ದವು. ಲಿಖಿತ್ ಅವನ ಎದೆಯ ಮೇಲೆ ಕಾಲಿಟ್ಟು ಹಾರೆ ಎತ್ತಿದ್ದ, ಮೊಣಕಾಲು ಚಿಪ್ಪಿಗೆ ಗುರಿ ಇಟ್ಟು. ವಾಣಿಯ ಕೈಯಲ್ಲಿ ಇಟ್ಟಿಗೆ, ಅದರ ಅಂಚಿನಲ್ಲಿ ಶ್ರೀಧರನ ಕೂದಲು ಅಂಟಿಕೊಂಡಿತ್ತು. ಮುನಿರಾಮಪ್ಪ ಮಾವ ಒಂದೇ ಕೈಯಲ್ಲಿ ಗೇಟು ಎಳೆದು ಚಿಲಕ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದರು. ಅದರ ಅರ್ಥ ನನಗೆ ಗೊತ್ತಾಯಿತು. ಇವತ್ತು ಇವನು ಇಲ್ಲಿಂದ ಜೀವಂತ ಹೋಗುವುದಿಲ್ಲ ಎಂದು.

ನೀನಾಗಿದ್ದರೆ ಒಂದೇ ಗಂಟಲಲ್ಲಿ ಎಲ್ಲರ ಮೇಲೂ ಕಿರುಚುತ್ತಿದ್ದೆ, ಅಲ್ಲಿ ಹೆಣ ಬೀಳುತ್ತಿತ್ತು. ನಾನು ಲಿಖಿತನ ಕಿವಿಯ ಹತ್ತಿರ ಹೋಗಿ, "ಹಾರೆ ಕೆಳಗಿಡು. ಕಾಲು ತೆಗಿ. ನನ್ ಹಿಂದೆ ಬಂದು ನಿಂತ್ಕೋ. ಪೊಲೀಸಿಗೆ ಫೋನ್ ಮಾಡು" ಎಂದು ಒಂದೊಂದಾಗಿ ಹೇಳಿದೆ. ಅವನು ಒಂದೊಂದನ್ನೇ ಮಾಡಿದ. ಮಾವನಿಗೆ ಹಾಗೆ ಹೇಳಿದ್ದರೆ ಅವರು ಗೇಟು ತೆಗೆಯುವುದಿರಲಿ, ನನ್ನ ಮುಖಕ್ಕೇ ಉಗಿಯುತ್ತಿದ್ದರು. "ಮಾವ, ಗೇಟು ತೆಗೆಯೋದೂ ಬಿಡೋದೂ ನಿಮಗೆ ಬಿಟ್ಟಿದ್ದು, ನಾನು ತಿರುಗಿ ನೋಡಲ್ಲ" ಎಂದು ಬೆನ್ನು ತಿರುಗಿಸಿದೆ. ಆಮೇಲೆ ಅವರು ಕ್ಯಾಕರಿಸಿ ಉಗಿದದ್ದು ಕೇಳಿಸಿತು, ಅದಾದ ಮೇಲೆ ಚಿಲಕ.

ವಾಣಿಗೆ ಏನು ಹೇಳಲಿ ಅಣ್ಣಾ? ಸುಮ್ಮನಿರು ಎನ್ನಲು ನಾನು ಯಾರು? ಶ್ರೀಧರನಿಗೂ ಅವಳಿಗೂ ನಡುವೆ ದೂಳಿನಲ್ಲಿ ಕೂತು ಅವಳ ಮಣಿಕಟ್ಟು ಹಿಡಿದೆ. ಅವಳು ಬಿಡಿಸಿಕೊಂಡು ಬೀಸಿದ ಇಟ್ಟಿಗೆ ನನ್ನ ಹುಬ್ಬಿಗೆ ಬಿತ್ತು. ಕಣ್ಣಿಗೆ ರಕ್ತ ಇಳಿಯಿತು. ಕೈ ಬಿಡಲಿಲ್ಲ. "ನಿಮ್ಮಣ್ಣ ಮಾಡಿದ್ದಕ್ಕೆ ನಾನ್ಯಾಕಕ್ಕಾ ಸಾಯ್ಬೇಕು? ರಾತ್ರಿಯೆಲ್ಲಾ ಇಲ್ಲದಿರೋ ಬೆರಳು ನೋಯುತ್ತೆ ಅಂತ ಅಳ್ತಾನೆ ಅವನು" ಎಂದು ಅವಳು ಕೂಗುತ್ತಿದ್ದಳು. ನಾನು ಹೂಂ ಎನ್ನುತ್ತಿದ್ದೆ. ಕೊನೆಗೆ ಇಟ್ಟಿಗೆ ತಾನಾಗಿಯೇ ಅವಳ ಕೈಯಿಂದ ಜಾರಿತು. ನನ್ನ ಮಡಿಲಿನಲ್ಲಿ ಮುಖ ಇಟ್ಟು ಅತ್ತಳು, ಅವಳ ಕೆನ್ನೆಯ ರಕ್ತವೂ ನನ್ನ ಹುಬ್ಬಿನ ರಕ್ತವೂ ಸೀರೆಯಲ್ಲಿ ಸೇರಿಹೋಯಿತು. ಹಿಂದಿನಿಂದ ಶ್ರೀಧರ್ ತೊದಲುತ್ತ, "ನಾನಾಗೇ ಬಂದಿಲ್ಲ ಯಶು, ನಿಮ್ಮಣ್ಣ ಅಭಿನೇ ಹೇಳಿ ಕಳಿಸಿದ್ದು" ಎಂದ. ಪೊಲೀಸರು ಬಂದ ಮೇಲೂ ಅದನ್ನೇ ಹೇಳಿದ.

ವಾಣಿಯ ಕೆನ್ನೆಗೆ ಹೊಲಿಗೆ ಹಾಕಿದ್ದಾರೆ. ನನ್ನ ಹುಬ್ಬಿಗೂ. ಅಮ್ಮನಿಗೆ ಜಂತೆ ತಗುಲಿತು ಎಂದಿದ್ದೇನೆ, ಅವಳು ನಂಬಿದ ಹಾಗೆ ನಟಿಸುತ್ತಿದ್ದಾಳೆ. ನಿನಗೆ ಹುರಿಗಡಲೆ ಚಟ್ನಿಪುಡಿ ಮಾಡಿಟ್ಟಿದ್ದಾಳೆ, ಬಿಡುತ್ತಾರೋ ಇಲ್ಲವೋ ನೋಡಬೇಕು. ಹೊತ್ತಿಗೆ ಸರಿಯಾಗಿ ತಿನ್ನು, ಅಲ್ಲಿ ಯಾರ ಜೊತೆಗೂ ಜಗಳಕ್ಕೆ ಹೋಗಬೇಡ. ಅಮ್ಮನ ಆಶೀರ್ವಾದ ಈ ಕಾಗದದ ಜೊತೆಗಿದೆ, ದೇವರ ಮನೆಯಲ್ಲಿಟ್ಟು ಅವಳೇ ಅಂಚೆಗೆ ಹಾಕುತ್ತಾಳಂತೆ.

ನಿನ್ನ ತಂಗಿ,
ಯಶಶ್ರೀ

ಮತ್ತೆ: ಅಮ್ಮ ಲಕೋಟೆ ಅಂಟಿಸಲು ಅವಸರ ಮಾಡುತ್ತಿದ್ದಾಳೆ, ಬೇಗ ಬರೆಯುತ್ತೇನೆ. ನಿನಗೆ ಇದನ್ನು ಹೇಗೆ ಹೇಳಬೇಕು ಎಂದೇ ಮೂರು ದಿನ ಯೋಚಿಸಿದೆ. ಲಿಖಿತನ ಹಾಗೆ ನೀನು ಹೊಸಬನಲ್ಲ, ವಾಣಿಯ ಹಾಗೆ ನೊಂದವನೂ ಅಲ್ಲ. ಅಪ್ಪ ಪ್ರಪಂಚವನ್ನೆಲ್ಲ ಅಳೆದರು, ನಿನ್ನ ವಿಷಯದಲ್ಲಿ ಮಾತ್ರ ಸೋತರು. ಈ ಮನೆಯಲ್ಲಿ ನಿನಗೆ "ಆಗುವುದಿಲ್ಲ" ಎಂದವರು ಯಾರೂ ಇಲ್ಲ. ನಾನು ಹೇಳುತ್ತಿದ್ದೇನೆ, ಆಗುವುದಿಲ್ಲ ಅಣ್ಣಾ. ಗೋಡೆ ಬೀಳಲಿಲ್ಲ. ಬುಧವಾರ ನಾನು ಕಂಡದ್ದನ್ನೇ ಹೇಳುತ್ತೇನೆ, ಗುರುವಾರದ್ದನ್ನೂ ಕೇಳಿದರೆ ಅದನ್ನೂ ಹೇಳುತ್ತೇನೆ. ನಾನು ಮಾತಾಡುವಾಗ ನನ್ನ ಮುಖ ನೋಡಬೇಡ. ನೋಡಿದರೆ ಅಳುತ್ತೇನೆ. ಅಳುತ್ತಲೇ ಹೇಳುತ್ತೇನೆ.