ಮೂರನೇ ಪಾಠದ ಸರಿ ಉತ್ತರ

ಮಾರ್ಚ್ 14, ಗುರುವಾರ. ಕಿಶಿನೌ.

ಅಂತೂ ಮೂರನೇ ಪಾಠ ಸರಿಹೋಯಿತು. ಯೋಜನೆಗಳಿಂದ ಹೆಂಗಸರಿಗೆ, ಗಂಡಸರಿಗೆ ಏನೇನಾಯಿತೆಂದು ಅಳೆಯಲು ಕಲಿಸುವ ನಮ್ಮ ಆನ್‌ಲೈನ್ ತರಬೇತಿಯನ್ನು ನಾಳೆ ಇನ್ನೂರು ಹೊಸ ಮೌಲ್ಯಮಾಪಕರು ತೆರೆಯುತ್ತಾರೆ. ಅದರಲ್ಲೊಂದು ಪ್ರಶ್ನೆ: ‘ಹಳ್ಳಿಯಲ್ಲಿ ಸಂಜೆ ಆರಕ್ಕೆ ಕರೆದ ಯೋಜನೆಯ ಸಭೆಗೆ ಹೆಂಗಸರೇಕೆ ಬರಲಿಲ್ಲ?’ ಆರು ವರ್ಷದ ಹಿಂದೆ ನಾನೇ ಬರೆದ ಸರಿ ಉತ್ತರ: ‘ಆಸಕ್ತಿಯಿಲ್ಲ.’

ತಪ್ಪು ಹುಡುಕಲೆಂದು ಪಾಠ ಓದಿದ ಹಳ್ಳಿಯ ಗೆಳತಿ ಎವ್ಡೊಕಿಯಾ ಫೋನಿನಲ್ಲಿ ಬಿದ್ದುಬಿದ್ದು ನಕ್ಕಳು.

“ಅಲ್ಲ ಕಣೇ ವಿಯೊರಿಕಾ, ಆರು ಗಂಟೆಗೆ ನಾವು ಹಾಲು ಕರೀತಿರ್ತೀವಿ. ಹಸೂನೂ ಸಭೆಗೆ ಹೊಡ್ಕೊಂಡು ಬರ್ಬೇಕಿತ್ತಾ?”

ನಾಚಿಕೆಯಾಯಿತು. ಉತ್ತರ ತಿದ್ದಿದೆ: ‘ಹೊತ್ತು ಗೊತ್ತುಮಾಡುವಾಗ ಅವರನ್ನು ಕೇಳಲಿಲ್ಲ.’ ಇನ್ನೂರು ಜನರಿಗೆ ಸುಳ್ಳು ಕಲಿಸುವುದು ತಪ್ಪಿತು. ಎದೆ ಹಗುರಾಗಿದೆ, ಕಣ್ಣು ಎಳೆಯುತ್ತಿದೆ. ಆದರೆ ಇಷ್ಟು ವರ್ಷ ‘ಅವರಿಗೆ ಕೆಲಸವಿತ್ತು’ ಎಂದು ಉತ್ತರಿಸಿ, ನನ್ನಿಂದ ನಪಾಸಾದವರು ಎಷ್ಟು ಮಂದಿಯೋ! ನಾಳೆ ಹಳೆಯ ಅಂಕಪಟ್ಟಿ ತೆಗೆದು ನೋಡಬೇಕು.