ನಿನ್ನ ಪಾತ್ರ ನನಗೆ ಬಂದ ಬಗೆ

ಎಬೆಲೆ ಅಕ್ಕಾ,

ನಿನ್ನ ಎದುರು ಕೂತು ಹೇಳುವ ಧೈರ್ಯ ಎರಡು ವರ್ಷದಿಂದ ಬಂದಿಲ್ಲ. ಅದಕ್ಕೇ, ಒಂದೇ ಊರಿನಲ್ಲಿದ್ದೂ ಕಾಗದ ಬರೆಯುತ್ತಿದ್ದೇನೆ.

ನಮ್ಮ ಎನುಗು ಊರಿನ ಸಿನಿಮಾಗಳಲ್ಲಿ ಹದಿನಾಲ್ಕು ವರ್ಷ ನಾವಿಬ್ಬರೂ ಮಾಟಗಾತಿಯರಾಗಿಯೇ ಉಳಿದೆವು. ಸೊಸೆಗೆ ವಿಷವಿಕ್ಕುವ ಅತ್ತೆ ನೀನಾದರೆ, ಬೇರು ಅರೆದುಕೊಡುವವಳು ನಾನು. ಒಗ್ಬೆಟೆ ಮಾರುಕಟ್ಟೆಯಲ್ಲಿ ಟೊಮೆಟೊ ಮಾರುವವಳು ನಮ್ಮನ್ನು ಕಂಡೊಡನೆ ಮಗಳನ್ನು ಬೆನ್ನ ಹಿಂದೆ ಎಳೆದುಕೊಂಡಿದ್ದಳು. ನಾನು ಮನೆಗೆ ಬಂದು ಅಳುತ್ತ ಕೂತೆ. ನೀನು ಮಾತ್ರ, "ಹೆದರಿದ್ಲು ಅಂದ್ರೆ ಚೆನ್ನಾಗಿ ಮಾಡಿದೀವಿ ಅಂತ ಅಲ್ವೇನೇ, ಪೆದ್ದಿ!" ಎಂದು ನಕ್ಕೆ.

ಆಮೇಲೆ ನಿರ್ದೇಶಕ ಒಕ್ವುದಿಲಿ ಆ ಪ್ರೇಮಕಥೆ ತಂದ. ನಲವತ್ತು ದಾಟಿದ ಹೊಲಿಗೆಯವಳು, ಹೆಂಡತಿ ತೀರಿಹೋದ ಅಂಚೆ ಗುಮಾಸ್ತ; ವಿಳಾಸ ತಪ್ಪಿದ ಕಾಗದ, ಜಗಳ, ಇಬ್ಬರಿಗೂ ಒಂದೇ ಕೊಡೆ, ಕೊನೆಗೆ ಮದುವೆ. ನಮ್ಮಮ್ಮಂದಿರು ಕಣ್ಣೊರೆಸಿಕೊಂಡು ನಗುತ್ತಿದ್ದಂಥ ಕಥೆ. ನಮ್ಮಿಬ್ಬರಿಂದಲೂ ಒಂದೊಂದು ದೃಶ್ಯ ಮಾಡಿಸಿ ನೋಡಿದ. ನೀನು ಹೊರಟುಹೋದ ಮೇಲೆ ನನ್ನನ್ನು ನಿಲ್ಲಿಸಿ ಕೇಳಿದ: "ನಂಗೆ ಎಬೆಲೆನೇ ಹಿಡಿಸಿದ್ಲು. ನೀವೇನಂತೀರಾ?"

ಹೌದು ಎಂದರೆ ಸಾಕಿತ್ತು. ನಾನು ಹೇಳಿದ್ದು ಇದು: "ಅಕ್ಕ ದೊಡ್ಡ ನಟಿ. ಆದ್ರೆ ಅವಳು ನಕ್ರೆ ಜನ, ಈಗ ವಿಷ ಹಾಕ್ತಾಳೆ ಅಂತಾರೆ."

ಅವನು ನಕ್ಕುಬಿಟ್ಟ. ಮೂರನೆಯ ದಿನ ಪಾತ್ರ ನನ್ನದಾಯಿತು. ಯಾವ ಮಾತು ಕೇಳಿ ಕೇಳಿ ನಾನು ಬೆಂದಿದ್ದೆನೋ, ಅದೇ ಮಾತನ್ನು ನಿನ್ನ ಮೇಲೆ ಹಾಕಿದ್ದೆ.

ನೀನೋ, ಬಿಸಿ ಬಿಸಿ ಒಕ್ಪಾ ಕಡುಬು ಕಟ್ಟಿಕೊಂಡು ಬಂದು ನನ್ನ ಅಡುಗೆಮನೆಯಲ್ಲಿ ಕುಣಿದೆ. "ಹಲ್ಲು ಕಚ್ಕೊಂಡು ನಗ್ಬೇಡ್ವೇ, ಅದು ಮಾಟಗಾತಿ ನಗು. ಹೊಟ್ಟೆಯಿಂದ ನಗು!" ಎಂದು ವಾರವಿಡೀ ಕಲಿಸಿದೆ. ಸಿನಿಮಾ ಗೆದ್ದಿತು. ಪತ್ರಿಕೆಯವರೆಲ್ಲ ಹೊಗಳಿದ್ದು ಆ ನಗುವನ್ನೇ. ಅದು ನಿನ್ನದೆಂದು ನಾನು ಯಾರಿಗೂ ಹೇಳಲಿಲ್ಲ.

ಮೊದಲ ಪ್ರದರ್ಶನದ ದಿನ ವೇದಿಕೆಯ ಮೇಲಿಂದ ನಿನ್ನನ್ನು ಹುಡುಕಿದೆ. ನಿನ್ನ ಪಕ್ಕದ ಹೆಂಗಸು ನಿನ್ನ ಗುರುತು ಹಿಡಿದು, ಚೀಲ ಎತ್ತಿಕೊಂಡು ಬೇರೆ ಸಾಲಿಗೆ ಹೋದಳು. ಖಾಲಿ ಕುರ್ಚಿಯ ಪಕ್ಕದಲ್ಲಿ ಎದ್ದು ನಿಂತು ನೀನು ನನಗಾಗಿ ಚಪ್ಪಾಳೆ ತಟ್ಟುತ್ತಿದ್ದೆ. ನಾನು ತಲೆ ತಗ್ಗಿಸಿದೆ. ಜನ ಅದನ್ನು ವಿನಯ ಅಂದುಕೊಂಡರು.

ಕಳೆದ ಗುರುವಾರ ಒಕ್ವುದಿಲಿ ಹೊಸ ಪ್ರೇಮಕಥೆಯೊಂದಕ್ಕೆ ನನ್ನನ್ನು ಕರೆದ. ಆವತ್ತು ನಾನಾಡಿದ್ದು ಹೊಟ್ಟೆಕಿಚ್ಚಿನ ಮಾತು ಎಂದು ಒಪ್ಪಿಕೊಂಡೆ. "ಇಷ್ಟು ದಿನ ಆದ್ಮೇಲೆ ಈಗ್ಯಾಕಮ್ಮಾ?" ಅಂದ. ಈ ಪಾತ್ರ ಅಕ್ಕನಿಗೆ ಕೊಡಿ ಎಂದೆ. ಸೋಮವಾರ ನಿನಗೆ ಫೋನ್ ಮಾಡುತ್ತಾನಂತೆ.

ಇದನ್ನು ಉಪಕಾರ ಎಂದುಕೊಳ್ಳಬೇಡ. ನಿನ್ನದನ್ನು ಕಿತ್ತುಕೊಂಡವಳು ಉಪಕಾರ ಮಾಡಲಾರಳು. ಅವನ ಫೋನ್ ಬರುವ ಮೊದಲೇ ನಡೆದದ್ದು ನಿನಗೆ ತಿಳಿದಿರಲಿ, ಅಷ್ಟೇ. ಬೈಯಬೇಕೆನಿಸಿದರೆ ಬಂದು ಬೈ. ಬಾರದಿದ್ದರೆ ಅದನ್ನೂ ಅರ್ಥಮಾಡಿಕೊಳ್ಳುತ್ತೇನೆ.

ದೇವರು ನಿನ್ನನ್ನು ನೂರ್ಕಾಲ ಚೆನ್ನಾಗಿಟ್ಟಿರಲಿ.

ಅಕ್ಕ ಎನ್ನಲು ಇನ್ನೂ ಹಕ್ಕಿದೆಯೋ ಇಲ್ಲವೋ ತಿಳಿಯದ,
ಉಜೋಮಾ